ಡಾಕ್ಟರು ಎಷ್ಟು, ಎಲ್ಲಿ?

ಸರ್ ಜೋಸೆಫ್ ಭೋರ್ ನೇತೃತ್ವದ ಆರೋಗ್ಯ ಸಮೀಕ್ಷಾ ಸಮಿತಿ 1946ರಲ್ಲಿ ತನ್ನ ವರದಿ ಒಪ್ಪಿಸಿದಾಗ ಬ್ರಿಟಿಷ್ ಇಂಡಿಯಾದಲ್ಲಿದ್ದ ಡಾಕ್ಟರುಗಳು ಸುಮಾರು 47,500. ಅಂದರೆ 6,300 ಜನಕ್ಕೆ ಒಬ್ಬರು. ಇಪ್ಪತ್ತೈದು ವರ್ಷಗಳೊಳಗೆ 2,000 ಜನಕ್ಕೆ ಒಬ್ಬರಾದರೂ ಸಿಗಬೇಕೆಂದು ಸಮಿತಿ ಗುರಿ ಹಾಕಿತು.

ಆ 47,500 ಮಂದಿಯಲ್ಲಿ ಹೆಚ್ಚಿನವರು ಪದವೀಧರರಲ್ಲ. ಮೆಡಿಕಲ್ ಸ್ಕೂಲಿನಲ್ಲಿ ಓದಿ ಲೈಸೆನ್ಸ್ ಪಡೆದ ಎಲ್‌ಎಂಪಿ ಡಾಕ್ಟರುಗಳು. ಮೈಸೂರು ಸಂಸ್ಥಾನವೂ 1917ರಲ್ಲಿ ಬೆಂಗಳೂರಿನಲ್ಲಿ ಅಂಥದೊಂದು ಸ್ಕೂಲು ತೆರೆದಿತ್ತು. 1924ರಲ್ಲಿ ಅದು ಪದವಿ ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. ಇನ್ನು ಮುಂದೆ ಎಲ್‌ಎಂಪಿ ಬೇಡ, ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯ ಸಾಕು ಎಂದಿತು ಭೋರ್ ಸಮಿತಿ. ಡಾಕ್ಟರಿಗೇ ಬರ ಇರುವಾಗ ಬೇಗ ತಯಾರಾಗುವವರನ್ನು ಕೈಬಿಡುವುದೇಕೆ ಎಂದು ಕೆಲವು ಸದಸ್ಯರು ವಾದಿಸಿದರು. ಅವರ ಮಾತು ಭಿನ್ನಮತವಾಗಿ ವರದಿಯಲ್ಲೇ ಉಳಿಯಿತು.

ಎಲ್ಲರಿಗೂ ಎಂಬಿಬಿಎಸ್ ಎಂದ ಮೇಲೆ ಕಾಲೇಜುಗಳು ಬೇಕಾದವು. ಅಷ್ಟನ್ನು ಕಟ್ಟುವ ದುಡ್ಡು ಸರ್ಕಾರದಲ್ಲಿರಲಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಮುಂದೆ ಕರ್ನಾಟಕ ಖಾಸಗಿ ಮೆಡಿಕಲ್ ಕಾಲೇಜುಗಳ ನಾಡೇ ಆಯಿತು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು, ಅಂದರೆ ಸೀಟು ಕೊಡಲು ನಿಗದಿತ ಶುಲ್ಕದ ಮೇಲೆ ವಸೂಲಿ ಮಾಡುವ ಹಣವನ್ನು, ನಿಷೇಧಿಸುವ ಕಾಯ್ದೆ ಬಂತು. ಆದರೂ 1989ರ ಸರ್ಕಾರಿ ಆದೇಶದ ಪ್ರಕಾರ ಖಾಸಗಿ ಕಾಲೇಜಿನ ವರ್ಷದ ಬೋಧನಾ ಶುಲ್ಕ ಮೂರು ತೆರನಾಗಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್‌ನ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 60,000 ಎಂಬುದು ಕ್ಯಾಪಿಟೇಶನ್ ಶುಲ್ಕವೇ ಎಂದು 1992ರಲ್ಲಿ ಕೋರ್ಟು ತೀರ್ಪಿತ್ತಿತು.

ಲಕ್ಷಗಟ್ಟಲೆ ಸುರಿದು ಓದಿದವರು ಹಳ್ಳಿಗೆ ಬಂದಾರೆಯೇ ಎಂದು ಕೇಳುವವರಿದ್ದಾರೆ. ಆದರೆ ಆ ಖರ್ಚೊಂದೇ ಕಾರಣ ಎನ್ನಲು ದೆಹಲಿಯ ಏಮ್ಸ್ ಅಡ್ಡ ಬರುತ್ತದೆ. ಅಲ್ಲಿ ಶುಲ್ಕ ಹೆಸರಿಗಷ್ಟೇ. ಆದರೂ 1989ರಿಂದ 2000ದವರೆಗೆ ಪಾಸಾದವರಲ್ಲಿ ಶೇ. 54ರಷ್ಟು ಮಂದಿ ವಿದೇಶದಲ್ಲಿ ನೆಲೆಸಿದ್ದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ದೊಡ್ಡ ಆಸ್ಪತ್ರೆಯಲ್ಲಿ ಸ್ಪೆಷಲಿಸ್ಟುಗಳ ಕೈಕೆಳಗೆ ಕಲಿತ ಹುಡುಗ ಹುಡುಗಿಯರು ತಾವೂ ಸ್ಪೆಷಲಿಸ್ಟಾಗಬೇಕೆಂದು ಬಯಸುವುದು ಸಹಜ. ಸ್ಕ್ಯಾನಿಂಗ್ ಇಲ್ಲದ, ಸಂದೇಹ ಬಂದರೆ ಕೇಳಲು ಹಿರಿಯರಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಆ ಕಲಿಕೆಯ ಬಹುಪಾಲು ಬಳಕೆಗೆ ಬರುವುದಿಲ್ಲ. ಸಂಗಾತಿಗೆ ಕೆಲಸ, ಮಕ್ಕಳಿಗೆ ಶಾಲೆ ಎಂಬ ಚಿಂತೆ ಬೇರೆ.

ಮನಸ್ಸು ಒಲಿಯದಿದ್ದಾಗ ಕಾನೂನು ಬಂತು. ಕೋರ್ಸು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಲೇಬೇಕೆಂದು ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿತು. ಅದು ಜಾರಿಯಾದದ್ದು 2015ರಲ್ಲಿ. ವಿದ್ಯಾರ್ಥಿಗಳು ಹೈಕೋರ್ಟಿನ ಮೆಟ್ಟಿಲೇರಿದರು. 2019ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಪಿಎಚ್‌ಸಿಯಲ್ಲಿ ಕೂತು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಓದುವ ಯುವ ವೈದ್ಯರ ಕಣ್ಣು ಮುಂದಿನ ಸೀಟಿನ ಮೇಲೇ ಇರುತ್ತದೆ.

ಸೀಟುಗಳೇನೋ ಏರಿವೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2014ಕ್ಕೆ ಮೊದಲು ಎಂಬಿಬಿಎಸ್ ಸೀಟು 51,348 ಇದ್ದದ್ದು 2024ರಲ್ಲಿ 1,12,112 ಆಯಿತು. ಪಿಜಿ ಸೀಟು 31,185ರಿಂದ 72,627ಕ್ಕೆ ಹೋಯಿತು. ಡಾಕ್ಟರುಗಳ ಎಣಿಕೆಯ ಜೊತೆಗೆ ಅವರ ಆಯ್ಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ನಿಯಮವೊಂದು 2020ರಲ್ಲಿ ಬಂತು: ಎಂಡಿ, ಎಂಎಸ್ ವಿದ್ಯಾರ್ಥಿಗಳು ಓದಿನ ಭಾಗವಾಗಿಯೇ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕು. ಡಾಕ್ಟರು ಬಯಸಿ ಬರುವ ಪಿಜಿ ಓದಿನ ದಾರಿ ಈಗ ಜಿಲ್ಲಾ ಆಸ್ಪತ್ರೆಯ ಮೂಲಕ ಹಾಯುತ್ತದೆ.