ಮಾಪಕಗಳ ಪರಸ್ಪರ ಸಾಕ್ಷ್ಯ



ಅಂತರಿಕ್ಷದ ಪ್ಲಾಸ್ಮಾವನ್ನು ಅಳೆಯುವ ಉಪಕರಣಗಳ ಮಾಪನಾಂಕ ನಿರ್ಣಯವನ್ನೇ ವಸ್ತುವಾಗಿಸಿಕೊಂಡ ಈ ವಿಚಾರಗೋಷ್ಠಿಯಲ್ಲಿ ಆಶಯದ ನುಡಿಗಳನ್ನಾಡುವ ಹೊಣೆಯನ್ನು ನನಗೆ ವಹಿಸಿರುವುದಕ್ಕಾಗಿ ತಮಗೆಲ್ಲ ಕೃತಜ್ಞನಾಗಿದ್ದೇನೆ. ಪ್ರಯೋಗಶಾಲೆಯಲ್ಲಿನ ಮಾಪಕದ ಮೇಲೆ ಸಂಶಯ ಹುಟ್ಟಿದರೆ ಅದನ್ನು ಬಿಚ್ಚಿ ನೋಡಬಹುದು, ಪ್ರಮಾಣಭೂತವಾದ ಇನ್ನೊಂದರೊಡನೆ ಇಟ್ಟು ಒರೆಹಚ್ಚಬಹುದು. ನಭಕ್ಕೇರಿದ ಮಾಪಕವಾದರೋ ಮರಳಿ ಕೈಗೆ ಬಾರದು. ಉಷ್ಣಭೇದಕ್ಕೂ ವಿಕಿರಣಕ್ಕೂ ಸಿಕ್ಕಿ ಅದು ಬದಲಾಗುತ್ತ ಹೋದಂತೆ, ಆ ಬದಲಾವಣೆಯನ್ನು ಅದು ಕಳುಹಿಸುವ ಅಂಕಿಗಳಿಂದಲೇ ನಾವು ಅರಿಯಬೇಕಾಗುವುದು.

ಈ ಕಾರ್ಯದ ಗಾಂಭೀರ್ಯವನ್ನು ತೋರಿಸಿಕೊಟ್ಟುದು ಐರೋಪ್ಯ ವ್ಯೋಮ ಸಂಸ್ಥೆಯ ಕ್ಲಸ್ಟರ್ ಯೋಜನೆ. 2000ದಲ್ಲಿ ಉಡಾವಣೆಗೊಂಡ ಅದರ ನಾಲ್ಕು ನೌಕೆಗಳು ಚತುಷ್ಫಲಕದ ಶೃಂಗಗಳಂತೆ ಹರಡಿಕೊಂಡು ಚಲಿಸಿ, ತಮ್ಮ ನಡುವಣ ಕಾಂತಕ್ಷೇತ್ರದ ಅಲ್ಪ ಅಂತರಗಳಿಂದ ಅಲ್ಲಿ ಹರಿಯುವ ವಿದ್ಯುತ್ಪ್ರವಾಹವನ್ನು ಗಣಿಸಲು ಅನುವು ಮಾಡಿಕೊಟ್ಟವು. ಸೌರಮಾರುತದ ಕಾಂತಕ್ಷೇತ್ರ ಸುಮಾರು 5 ನ್ಯಾನೋಟೆಸ್ಲಾ, ಎಂದರೆ ಭೂಮಿಯ ಮೇಲ್ಮೈಯಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಒಂದೇ ಒಂದು ಕಾಂತಮಾಪಕದಲ್ಲಿ ಶೂನ್ಯದೋಷ ಲೇಶಮಾತ್ರ ಉಳಿದರೂ, ಇಲ್ಲದ ಪ್ರವಾಹವೊಂದು ನಮ್ಮ ಗಣಿತದಲ್ಲಿ ಹರಿಯತೊಡಗುವುದು.

ನೌಕೆಯು ಸುಮಾರು 4 ಸೆಕೆಂಡಿಗೊಮ್ಮೆ ತಿರುಗುತ್ತಿದ್ದುದರಿಂದ, ಭ್ರಮಣದ ಸಮತಲದಲ್ಲಿನ ದೋಷ ಅದೇ ಆವರ್ತದ ಏರಿಳಿತವಾಗಿ ಕಾಣಿಸಿಕೊಳ್ಳುತ್ತಿತ್ತು. ಅಕ್ಷದ ದಿಕ್ಕಿನ ದೋಷ ಮಾತ್ರ ಅಡಗಿರುತ್ತಿತ್ತು. ಅದಕ್ಕೆ ಸೌರಮಾರುತವೇ ನೆರವಾಯಿತು: ಅಲ್ಲಿ ಕಾಂತಕ್ಷೇತ್ರದ ದಿಕ್ಕು ತೂಗಾಡಿದರೂ ಪ್ರಮಾಣ ಬಹುಮಟ್ಟಿಗೆ ಕದಲದಾದುದರಿಂದ, ಯಾವ ತಿದ್ದುಪಡಿಯಿಂದ ಪ್ರಮಾಣ ಅತ್ಯಂತ ಸ್ಥಿರವಾಗುವುದೋ ಅದನ್ನೇ ಅಂಗೀಕರಿಸಬಹುದಾಯಿತು. ಕ್ಷೇತ್ರ ಪ್ರಬಲವಾಗಿರುವೆಡೆ ಇನ್ನೊಂದು ಉಪಕರಣವು ಎಲೆಕ್ಟ್ರಾನುಗಳ ಕಿರಣವನ್ನು ಹೊರಚಿಮ್ಮಿಸಿ, ಅವು ಸುತ್ತಿ ಮರಳುವ ಕಾಲವನ್ನು ಅಳೆಯಿತು; ಪ್ರತಿ ನ್ಯಾನೋಟೆಸ್ಲಾಕ್ಕೆ ಸೆಕೆಂಡಿಗೆ ಸುಮಾರು 28 ಸುತ್ತು ಎಂಬ ಗಣನೆಗೆ ಎಲೆಕ್ಟ್ರಾನಿನ ವಿದ್ಯುದಾವೇಶ ಮತ್ತು ದ್ರವ್ಯರಾಶಿಗಳೇ ಆಧಾರ.

ಕಣಗಳ ಎಣಿಕೆಯಲ್ಲಿಯೂ ಹೀಗೆಯೇ. ಎಲೆಕ್ಟ್ರಾನುಗಳನ್ನು ಹಿಡಿಯುವ ಸೂಕ್ಷ್ಮನಾಳಗಳ ಫಲಕ ಬಳಸಿದಷ್ಟೂ ಕ್ಷೀಣಿಸುವುದು. ಬಿಸಿಲು ತಾಗಿದ ನೌಕೆಯ ಮೈಯಿಂದ ಹೊರಟ ಎಲೆಕ್ಟ್ರಾನುಗಳೂ ಎಣಿಕೆಯೊಳಗೆ ನುಸುಳುವುವು. ಆದರೆ ರೇಡಿಯೋ ಸ್ಪಂದನದಿಂದ ಸುತ್ತಲಿನ ಪ್ಲಾಸ್ಮಾವನ್ನು ಕೆಣಕಿ ಅದರ ಸಹಜ ಆವೃತ್ತಿಯನ್ನು ಆಲಿಸಿದರೆ, ಘನ ಸೆಂಟಿಮೀಟರಿಗೆ 5 ಎಲೆಕ್ಟ್ರಾನುಗಳಿರುವಲ್ಲಿ ಸುಮಾರು 20 ಕಿಲೋಹರ್ಟ್ಸ್ ದೊರೆಯುವುದು. ಈ ಉತ್ತರವನ್ನು ಫಲಕದ ಮುಪ್ಪು ಕೆಡಿಸಲಾರದು.

ಒಂದೇ ತತ್ತ್ವದ ಎರಡು ಮಾಪಕಗಳು ಒಂದೇ ಬಗೆಯಾಗಿ ತಪ್ಪಬಹುದು. ಭಿನ್ನ ತತ್ತ್ವಗಳ ಮಾಪಕಗಳು ಒಂದೇ ಮಾತನ್ನಾಡಿದಾಗಲೇ ಸಾಕ್ಷ್ಯ ದೃಢವಾಗುವುದು. ಅವು ಭಿನ್ನಾಭಿಪ್ರಾಯ ತಳೆದಾಗ ಯಾವುದೋ ಒಂದು ಗುಣಕದಿಂದ ಅಂತರವನ್ನು ಮುಚ್ಚಿಬಿಡದೆ ಅದರ ಕಾರಣವನ್ನು ಅರಸುವುದು ಶೋಧನೆಯ ಅಂಗವೇ ಹೊರತು ಅದರ ಪೂರ್ವಸಿದ್ಧತೆಯಲ್ಲ.

ಈ ಹೊಣೆ ಈಗ ನಮ್ಮದೂ ಆಗಿದೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ 2024ರ ಜನವರಿಯಿಂದ ನೆಲೆಸಿರುವ ಆದಿತ್ಯ-ಎಲ್1 ನೌಕೆಯ ಕಾಂತಮಾಪಕ ಬೆಂಗಳೂರಿನ ಲಿಯೋಸ್ ಪ್ರಯೋಗಾಲಯದಲ್ಲಿ ಸಿದ್ಧವಾದುದು. 6 ಮೀಟರ್ ಉದ್ದದ ತೋಳಿನ ತುದಿಯಲ್ಲೊಂದು, ನಡುವೆ ಇನ್ನೊಂದು ಸಂವೇದಕವನ್ನಿಟ್ಟಿರುವುದರಿಂದ, ನೌಕೆಯದೇ ಕಾಂತಕ್ಷೇತ್ರವನ್ನು ಅವುಗಳ ಅಂತರದಿಂದ ಬೇರ್ಪಡಿಸಬಹುದು. ಆದರೆ ಈ ನೌಕೆ ಕ್ಲಸ್ಟರಿನಂತೆ ತಿರುಗದು. ಆದುದರಿಂದ ಆ ನೆಲೆಯ ನೆರೆಯಲ್ಲಿಯೇ ಇರುವ ವಿಂಡ್, ಏಸ್ ನೌಕೆಗಳ ಅಂಕಿಗಳೊಡನೆ ಹೋಲಿಕೆ ಇಲ್ಲಿ ಇನ್ನಷ್ಟು ಅಗತ್ಯ.

ಕ್ಲಸ್ಟರಿನ ಮೊದಲ ನೌಕೆ 2024ರ ಸೆಪ್ಟೆಂಬರಿನಲ್ಲಿ ವಾಯುಮಂಡಲವನ್ನು ಹೊಕ್ಕು ಇಲ್ಲವಾಯಿತು. ಅದನ್ನು ಇನ್ನು ಪ್ರಶ್ನಿಸುವಂತಿಲ್ಲ. ಆದಕಾರಣ ಪ್ರತಿಯೊಂದು ದತ್ತಾಂಶದೊಡನೆ ಅದರ ತಿದ್ದುಪಡಿಯ ವಿಧಾನವನ್ನೂ ದೋಷದ ಮೇರೆಯನ್ನೂ ಬರೆದಿಡುವ ನಿಯಮವೊಂದನ್ನು ಈ ಗೋಷ್ಠಿ ರೂಪಿಸಲೆಂದು ಪ್ರಾರ್ಥಿಸಿ, ತಮ್ಮ ಚರ್ಚೆಗಳು ಸಫಲವಾಗಲೆಂದು ಹಾರೈಸುತ್ತೇನೆ.