ನೀಲಗಿರಿಯ ನೆರೆಹೊರೆ

ನೀಲಗಿರಿಯ ಬೇಸಾಯಗಾರ ಬಡಗರ ಹಟ್ಟಿಯಲ್ಲಿ ಸಾವಾದರೆ ಹಿಂದೆ ಕಮ್ಮಾರರಾದ ಕೋಟರ ಊರಿಗೆ ಕರೆ ಹೋಗುತ್ತಿತ್ತು. ಕೋಟರ ವಾದ್ಯವಿಲ್ಲದೆ ಅಂತ್ಯಕ್ರಿಯೆ ಸಾಂಗವಾಗುತ್ತಿರಲಿಲ್ಲ. ಎಮ್ಮೆ ಸಾಕುವ ತೋಡರ ಸಾವಿಗೂ ಅವರೇ ಬೇಕಿತ್ತು. ಅಲ್ಲಿ ಬಲಿಯಾದ ಎಮ್ಮೆ ಕೋಟರ ಪಾಲಾಗುತ್ತಿತ್ತು. ಹೀಗೆ ಕರೆಸಿಕೊಂಡವರೇ, ಸತ್ತ ದನ ತಿನ್ನುವವರೆಂದು ಕೋಟರನ್ನು ಕೀಳಾಗಿ ಕಾಣುತ್ತಿದ್ದರು.

ಬಡಗರ ನೇಗಿಲಿನ ಗುಳ, ಕುಡುಗೋಲು, ಅಡುಗೆಯ ಮಡಕೆ ಎಲ್ಲವೂ ಕೋಟರ ಕೈಕೆಲಸ. ಒಂದೊಂದು ಕೋಟ ಮನೆಗೂ ತಲೆತಲಾಂತರದಿಂದ ಗೊತ್ತಾದ ಬಡಗ ಮನೆಗಳಿದ್ದವು. ಸುಗ್ಗಿಯಲ್ಲಿ ಅಲ್ಲಿಂದ ಧಾನ್ಯ ಬರುತ್ತಿತ್ತು. ತೋಡರಿಂದ ತುಪ್ಪ, ಕಾಡಿನ ಕುರುಂಬರಿಂದ ಜೇನು. ದುಡ್ಡಿನ ಮಾತೇ ಇರಲಿಲ್ಲ.

ಆದರೂ ಇದನ್ನು ಸೌಹಾರ್ದದ ಚಿತ್ರವೆಂದು ಹೊಗಳಲಾಗದು. ಕುರುಂಬರ ವಿಷಯವನ್ನೇ ನೋಡಿ. ಬಿತ್ತನೆಯ ಮೊದಲ ಶಾಸ್ತ್ರಕ್ಕೆ ಬಡಗರು ಕುರುಂಬನನ್ನು ಕರೆಯುತ್ತಿದ್ದರು, ಮಾಟಮಂತ್ರದಿಂದ ಹಟ್ಟಿಯನ್ನು ಕಾಯಲೂ ಅವನೇ ಬೇಕಾಗಿತ್ತು. ಊರಲ್ಲಿ ರೋಗ ಬಂದರೆ ಮಾಟ ಮಾಡಿದವನೂ ಕುರುಂಬನೇ ಎಂಬ ಗುಮಾನಿ. ಆ ಗುಮಾನಿಯಿಂದಲೇ 19ನೇ ಶತಮಾನದಲ್ಲಿ ಕುರುಂಬರ ಕೊಲೆಗಳು ನಡೆದವು. ಕಾಯುವವನನ್ನೇ ಕೊಂದ ಈ ಭಯ ನೀಲಗಿರಿಯ ಚರಿತ್ರೆಯಲ್ಲಿ ಅತ್ಯಂತ ನೋವಿನ ಸಂಗತಿ.

ಇತರರು ಕೊಟ್ಟ ಕೀಳು ಸ್ಥಾನವನ್ನು ಕೋಟರು ಒಪ್ಪಿಕೊಂಡಿದ್ದರೇ? ಅವರ ಕಥೆ ಬೇರೆಯೇ ಹೇಳುತ್ತದೆ. ಕಾಮಟರಾಯ ದೇವರು ಹಣೆಯಿಂದ ಒರೆಸಿದ ಮೂರು ಬೆವರ ಹನಿಗಳಿಂದ ತೋಡರು, ಕುರುಂಬರು, ಕೋಟರು ಹುಟ್ಟಿದರಂತೆ. ಮೂವರೂ ಒಂದೇ ಬೆವರಿನವರು, ಮೇಲು ಯಾರು, ಕೀಳು ಯಾರು? ಈ ಕಥೆಯಲ್ಲಿ ಬಡಗರಿಲ್ಲ. ಅವರು ವಿಜಯನಗರ ಬಿದ್ದ ಮೇಲೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂಬುದು ಪ್ರತೀತಿ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರ.

1819ರಲ್ಲಿ ಕೊಯಮತ್ತೂರಿನ ಬ್ರಿಟಿಷ್ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟಕ್ಕೆ ಬಂದ. ಆಮೇಲೆ ಊಟಿ, ಚಹಾ ತೋಟ, ಸಂತೆ. ಪೇಟೆಯಲ್ಲಿ ಕುಡುಗೋಲು ಸಿಕ್ಕಮೇಲೆ ಕಮ್ಮಾರನ ಮನೆಯ ಹಂಗೇಕೆ? 1930ರ ದಶಕದಲ್ಲಿ ಇಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡಲ್‌ಬಾಮ್ ಈ ಕೊಡುಕೊಳ್ಳುವಿಕೆ ಮುರಿದುಬೀಳುತ್ತಿದ್ದುದನ್ನು ದಾಖಲಿಸಿದರು. ಕೋಟರ ವಾದ್ಯ ಬೇಕೆನ್ನುವವರು, ಬೇಡವೆನ್ನುವವರು ಎಂದು ಬಡಗರಲ್ಲೇ ಎರಡು ಪಕ್ಷಗಳಾದವು.

ಇಂದು ತೋಡ, ಕೋಟ, ಕುರುಂಬರು ತಮಿಳುನಾಡಿನ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಬಡಗರು ಹಿಂದುಳಿದ ವರ್ಗದಲ್ಲಿದ್ದು, ಪರಿಶಿಷ್ಟ ಪಂಗಡದ ಪಟ್ಟಿಗೆ ತಮ್ಮನ್ನೂ ಸೇರಿಸಬೇಕೆಂದು ದಶಕಗಳಿಂದ ಕೇಳುತ್ತಿದ್ದಾರೆ. ತೋಡರ ಸಂಖ್ಯೆ ಎರಡು ಸಾವಿರದ ಆಸುಪಾಸು, ಬಡಗರದು ಲಕ್ಷ ಮೀರಿದೆ. ಬೆಟ್ಟದ ಮೂಲನಿವಾಸಿ ಯಾರೆಂಬ ಹಳೆಯ ಪ್ರಶ್ನೆಯನ್ನು ಈಗ ಸರ್ಕಾರಿ ಕಡತದಲ್ಲಿ ತೀರ್ಮಾನಿಸಬೇಕಾಗಿದೆ.