ನುಡಿಯ ಋಣ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಹಳೆಯ ಗಾದೆ. ಆಡಿದ ಮಾತು ಹೋಗುತ್ತದೆ, ನಿಜ. ಆದರೆ ಎಲ್ಲಿಗೆ ಹೋಗುತ್ತದೆ? ಕೇಳಿದವನ ಮನಸ್ಸಿಗೆ ಹೋಗಿ ನಾಟುತ್ತದೆ. ಅಷ್ಟೇ ಅಲ್ಲ, ಆಡಿದವನ ಮನಸ್ಸಿಗೂ ಹಿಂದಿರುಗಿ ಬಂದು ಅಲ್ಲಿಯೇ ಮನೆಮಾಡುತ್ತದೆ. ಕ್ರೈಸ್ತನೊಬ್ಬನ ದಿನನಿತ್ಯದ ಬಾಳಿನಲ್ಲಿ ಆಲೋಚನೆಗೂ ಮಾತಿಗೂ ಇರುವ ಈ ಕೊಡುಕೊಳೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಕೊಲೆ ಮಾಡಬಾರದು ಎಂಬ ಪುರಾತನ ಆಜ್ಞೆಯನ್ನು ಯೇಸುಕ್ರಿಸ್ತನು ತನ್ನ ಪರ್ವತ ಪ್ರಸಂಗದಲ್ಲಿ ವಿವರಿಸಿದ ಬಗೆ ವಿಶಿಷ್ಟವಾದುದು. ಅವನು ಕೊಲ್ಲುವ ಕೈಯಿಂದ ಹಿಂದಕ್ಕೆ ನಡೆಯುತ್ತಾನೆ. ಕೈಯಿಂದ ಹೀಯಾಳಿಸುವ ನಾಲಿಗೆಗೆ, ನಾಲಿಗೆಯಿಂದ ಕೋಪ ಹೊಗೆಯಾಡುವ ಹೃದಯಕ್ಕೆ. ಆಮೇಲೆ ಒಂದು ಸನ್ನಿವೇಶವನ್ನು ಮುಂದಿಡುತ್ತಾನೆ. ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದವನಿಗೆ ತನ್ನ ಸಹೋದರನ ನೆನಪಾಗುತ್ತದೆ. ಆಗ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಮಾಧಾನವಾಗಬೇಕು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಿನಗೆ ಅವನ ಮೇಲೆ ಮುನಿಸಿದೆಯೇ ಎಂಬುದು ಪ್ರಶ್ನೆಯಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದೆಯೇ ಎಂಬುದು ಪ್ರಶ್ನೆ. ಲೆಕ್ಕ ಹಾಕಬೇಕಾದದ್ದು ನಮ್ಮ ನೋವಿನದಲ್ಲ, ನಮ್ಮಿಂದಾದ ನೋವಿನದು.

ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆ ನಾಲಿಗೆಯನ್ನು ಕುದುರೆಯ ಕಡಿವಾಣಕ್ಕೂ ಹಡಗಿನ ಚುಕ್ಕಾಣಿಗೂ ಕಾಡನ್ನೇ ಸುಡಬಲ್ಲ ಕಿಡಿಗೂ ಹೋಲಿಸುತ್ತದೆ. ದೇವರನ್ನು ಕೊಂಡಾಡುವ ಬಾಯೇ ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯನನ್ನು ಶಪಿಸುತ್ತದಲ್ಲ ಎಂಬುದು ಅದರ ಕೊರಗು. ಈ ಕೊರಗನ್ನು ಊಟದ ಮನೆಯವರೆಗೂ ತಂದವನು ಸಂತ ಅಗಸ್ಟಿನ್. 430ರಲ್ಲಿ ತೀರಿಕೊಂಡ ಈ ಹಿಪ್ಪೋ ನಗರದ ಬಿಷಪ್ಪನ ಜೀವನಚರಿತ್ರೆಯನ್ನು ಅವನ ಶಿಷ್ಯ ಪೊಸ್ಸಿಡಿಯಸ್ ಬರೆದಿದ್ದಾನೆ. ಎದುರಿಗಿಲ್ಲದವರನ್ನು ನಿಂದಿಸುವವರಿಗೆ ಇಲ್ಲಿ ಸ್ಥಳವಿಲ್ಲ ಎಂಬ ಅರ್ಥದ ಪದ್ಯವೊಂದನ್ನು ಅಗಸ್ಟಿನ್ ತನ್ನ ಊಟದ ಮೇಜಿನ ಮೇಲೆ ಬರೆಸಿದ್ದನಂತೆ. ಒಮ್ಮೆ ಆಪ್ತರಾದ ಬಿಷಪ್ಪರೇ ಅದನ್ನು ಮರೆತು ಮಾತಿಗೆ ತೊಡಗಿದಾಗ, ಈ ಪದ್ಯವನ್ನು ಅಳಿಸಬೇಕು, ಇಲ್ಲವೇ ನಾನು ಊಟದ ನಡುವೆ ಎದ್ದು ಹೋಗಬೇಕು ಎಂದು ಅವನು ಗದರಿಸಿದನಂತೆ. ಬರೆದಿಟ್ಟ ಮಾತು ಕಣ್ಣೆದುರಿಗೇ ಇದ್ದರೂ ಬಾಯಿ ಜಾರಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇನ್ನು ಕ್ರೈಸ್ತರೆಲ್ಲರೂ ಹೇಳುವ ಕರ್ತನ ಪ್ರಾರ್ಥನೆ. ಅದರ ಮಾತುಗಳು ಅಡುಗೆಮನೆಯವು, ಅಂಗಡಿಯವು. ಅಲ್ಲಿ ಆ ದಿನದ ಆಹಾರಕ್ಕಾಗಿ ಮೊರೆಯಿದೆ, ಕ್ಷಮೆಗಾಗಿ ಮೊರೆಯಿದೆ. ನಾವು ಸಾಮಾನ್ಯವಾಗಿ ತಪ್ಪು, ಪಾಪ ಎಂದು ತಿಳಿದುಕೊಳ್ಳುವ ಕಡೆ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವುದು ಸಾಲ ಎಂಬರ್ಥದ ಮಾತು. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಶಬ್ದ ಸಲ್ಲುತ್ತಿತ್ತು. ಕನ್ನಡದಲ್ಲಿ ಸಾಲ ಬೇರೆ, ಪಾಪ ಬೇರೆ. ಆದರೆ ಋಣವೆಂಬ ಮಾತು ನಮ್ಮಲ್ಲಿದೆ. ಅನ್ನದ ಋಣ, ನೀರಿನ ಋಣ, ಹೆತ್ತವರ ಋಣ ಎಂದು ಬಳಸಿದವರಿಗೆ, ಮನುಷ್ಯ ಮನುಷ್ಯನಿಗೆ ಸಲ್ಲಿಸದೆ ಉಳಿಸಿಕೊಂಡ ಬಾಕಿಯೂ ಪಾಪವೇ ಎಂಬುದು ಕಷ್ಟದ ಮಾತಲ್ಲ.

ಮತ್ತಾಯನ ಸುವಾರ್ತೆಯಲ್ಲಿಯೇ ಬರುವ ದೃಷ್ಟಾಂತವೊಂದರಲ್ಲಿ ಅರಸನು ತನ್ನ ಸೇವಕನಿಗೆ 10,000 ತಲಾಂತುಗಳ ಸಾಲವನ್ನು ಬಿಟ್ಟುಬಿಡುತ್ತಾನೆ. ಆ ಸೇವಕನಾದರೋ ತನಗೆ 100 ದಿನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ದಿನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ತಲಾಂತೆಂದರೆ ಸುಮಾರು 6,000 ದಿನಾರಿ. ಹಾಗಾದರೆ ಬಿಟ್ಟ ಸಾಲ ಆರು ಕೋಟಿ ದಿನಗಳ ಕೂಲಿ. ಆದರೆ 100 ದಿನಾರಿಯೂ ಅಲ್ಪವಲ್ಲ. ಮೂರು ತಿಂಗಳಿಗೂ ಮೀರಿದ ದುಡಿಮೆ. ಇತರರು ನಮಗೆ ಮಾಡಿದ ನೋವು ಸುಳ್ಳೆಂದು ಯೇಸು ಹೇಳಲಿಲ್ಲ. ಅದು ನಿಜವಾದ ನಷ್ಟ. ಕ್ಷಮಿಸುವವನು ಆ ನಷ್ಟವನ್ನು ತಾನೇ ಹೊರಬೇಕು.

ಈ ಮಾತುಗಳು ಕನ್ನಡಕ್ಕೆ ಬಂದು ಎರಡು ಶತಮಾನಗಳಾಗುತ್ತಾ ಬಂದಿವೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು 1831ರ ಹೊತ್ತಿಗೆ ಸಂಪೂರ್ಣ ಬೈಬಲ್ಲನ್ನು ಕನ್ನಡಿಸಿದರು. ಕರುಣೆ, ಕೃಪೆ, ಕ್ಷಮೆ ಮೊದಲಾದ ಶಬ್ದಗಳನ್ನು ಯಾರೂ ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ. ವಚನಕಾರರೂ ದಾಸರೂ ಅವನ್ನು ಬಳಸಿ ಬೆಳಗಿಟ್ಟಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಭಕ್ತಿಯ ಮಾತೂ ಬೀದಿಯ ಗಾದೆಯೂ ಅಕ್ಕಪಕ್ಕದಲ್ಲಿ ನಿಂತಿವೆ. ಕನ್ನಡ ಕ್ರೈಸ್ತನಿಗೆ ದೇವರೊಡನೆ ಆಡಲು ಒಂದು ಭಾಷೆ, ನೆರೆಯವನೊಡನೆ ಆಡಲು ಇನ್ನೊಂದು ಭಾಷೆ ಎಂಬ ಮರೆಯಿಲ್ಲ.

ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಕರಾವಳಿಯ ಸಣ್ಣ ಊರಿನಲ್ಲಿ ನನ್ನ ತಂದೆ ದಿನಸಿ ಅಂಗಡಿ ಇಟ್ಟಿದ್ದರು. ಅಕ್ಕಿ, ಎಣ್ಣೆಗಳನ್ನು ಉದ್ದರಿ ಒಯ್ದು ಬಹುಕಾಲ ಬಾಕಿ ಉಳಿಸಿದ್ದ ನೆರೆಯವರೊಬ್ಬರನ್ನು ಒಂದು ಮಧ್ಯಾಹ್ನ ಅವರು ಗಿರಾಕಿಗಳ ಮುಂದೆಯೇ ಮೋಸಗಾರನೆಂದರು. ಅಂದಿನ ರಾತ್ರಿ ಮನೆಯವರೆಲ್ಲ ಪ್ರಾರ್ಥನೆಗೆ ಕುಳಿತಾಗ, ಕ್ಷಮೆಯ ಆ ಮಾತಿನ ಬಳಿಗೆ ಬಂದು ತಂದೆಯವರ ದನಿ ನಿಂತುಹೋಯಿತು. ಮರೆತರೇನೋ ಎಂದು ನಾನು ಹೇಳಿಕೊಡಲು ಬಾಯಿ ತೆರೆದೆ; ತಾಯಿ ಕಣ್ಣಿನಲ್ಲಿಯೇ ತಡೆದರು. ತಂದೆ ಎದ್ದು, "ಲಾಟೀನು ಹಿಡಿದುಕೊಂಡು ಬಾ" ಎಂದರು. ನೆರೆಯವರ ಜಗಲಿಯ ಕೆಳಗೆ ನಿಂತು ಅವರು ಹೇಳಿದ್ದು ಇಷ್ಟೆ: "ಬಾಕಿ ಬಾಕಿಯೇ, ಆದಾಗ ಕೊಡಿ. ನಾನಾಡಿದ ಮಾತು ಮಾತ್ರ ತಪ್ಪು." ಅವರು ಏನೂ ಹೇಳದೆ ಚಾಪೆ ಹಾಸಿದರು. ಮರುದಿನ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ತಂದೆ ಅದೇ ಮಾತನ್ನು ಮತ್ತೆ ಹೇಳಿದರು. ಹಣದಲ್ಲಿ ಅರ್ಧ ಬಂತು, ಅರ್ಧ ಬರಲೇ ಇಲ್ಲ.

ಇಂಥ ತಂದೆಯ ಮಗನಾಗಿಯೂ, ಮನೆ ಪಾಲಾದ ಮೇಲೆ ನಾನು ನನ್ನ ತಮ್ಮನೊಡನೆ ಮೂರು ವರ್ಷ ಮಾತಾಡಲಿಲ್ಲ. ಪ್ರಾರ್ಥನೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಆ ವಾಕ್ಯದ ಬಳಿ ನನ್ನ ದನಿ ಒಮ್ಮೆಯೂ ತಡವರಿಸಲಿಲ್ಲ. ಬಾಯಿಪಾಠದ ಅಪಾಯ ಇದೇ. ಮಾತು ಸವೆದು ನುಣುಪಾದಂತೆ ಮನಸ್ಸಿಗೆ ತಾಗದೆಯೇ ಜಾರಿಹೋಗುತ್ತದೆ. ತಮ್ಮನ ಬಗ್ಗೆ ಮನಸ್ಸಿನಲ್ಲಿಯೇ ಆಡಿಕೊಂಡ ಮಾತುಗಳಾದರೋ ದಿನದಿನಕ್ಕೆ ಮೊನಚಾಗುತ್ತಿದ್ದವು. ಒಂದು ರಾತ್ರಿ, ಏಕೋ, ತಂದೆಯವರು ನಿಲ್ಲಿಸಿದ ಕಡೆ ನಾನೂ ನಿಂತೆ. ಮಾರನೆಯ ದಿನ ತಮ್ಮನಿಗೆ ಒಂದು ಕಾರ್ಡು ಬರೆದೆ. ಅದರಲ್ಲಿ ತತ್ತ್ವವೇನೂ ಇರಲಿಲ್ಲ. ಕ್ಷೇಮ ಸಮಾಚಾರ ಮಾತ್ರ. ವಾರದೊಳಗೆ ಅವನೇ ಬಂದ.

ಒಳ್ಳೆಯ ಆಲೋಚನೆ ಬಂದ ಮೇಲೆ ಒಳ್ಳೆಯ ಮಾತಾಡೋಣವೆಂದು ಕಾಯುವವರು ಬಹುಕಾಲ ಕಾಯಬೇಕಾದೀತು. ಕೆಲವು ವೇಳೆ ಮಾತೇ ಮುಂದಾಗಿ ನಡೆದು ಮನಸ್ಸನ್ನು ಕರೆತರುತ್ತದೆ. ಹಗಲಿನ ಮಾತಿಗೂ ರಾತ್ರಿಯ ಪ್ರಾರ್ಥನೆಗೂ ತಾಳೆ ಬೀಳದಿದ್ದರೆ ಒಂದು ಗಳಿಗೆ ಮೌನವಾಗಿ ನಿಲ್ಲುವುದೇ ಪ್ರಾಮಾಣಿಕವಾದ ಪ್ರಾರ್ಥನೆ. ಆಮೇಲೆ ಲಾಟೀನು ಹಿಡಿದು ಹೊರಡಬಹುದು.